ಡ್ರೈವರ್‌ನಲ್ಲಿ ಬೈಟ್ ಹಿಂದುಮುಂದಾದಾಗ

ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದ ನಮ್ಮ ಆಫೀಸಿಗೆ ಒಂದು ನೆಟ್‌ವರ್ಕ್ ಕಾರ್ಡಿನ ಲಿನಕ್ಸ್ ಡ್ರೈವರ್ (ಕಾರ್ಡನ್ನು ನಡೆಸುವ ಪ್ರೋಗ್ರಾಂ) ರಿಪೇರಿಗೆ ಬಂತು. ಇಂಟೆಲ್ ಪಿಸಿಯಲ್ಲಿ ಚೆನ್ನಾಗಿಯೇ ಓಡುತ್ತಿತ್ತು. ಮಿಪ್ಸ್ ಪ್ರೊಸೆಸರ್ ಇರುವ ಬೋರ್ಡಿಗೆ ಹಾಕಿದರೆ ಲಿಂಕ್ ಬರುತ್ತೆ, ಪಿಂಗ್ (ಎದುರಿನ ಯಂತ್ರ ಉತ್ತರ ಕೊಡುತ್ತಾ ಅಂತ ನೋಡುವ ಪರೀಕ್ಷೆ) ಹೋಗಲ್ಲ. ಆ ಬೋರ್ಡು ಬಿಗ್ ಎಂಡಿಯನ್, ಅಂದರೆ ಸಂಖ್ಯೆಯ ದೊಡ್ಡ ತುದಿಯ ಬೈಟನ್ನು ಮೊದಲು ಇಡುತ್ತದೆ. ಇಂಟೆಲ್ ಲಿಟಲ್ ಎಂಡಿಯನ್, ಚಿಕ್ಕ ತುದಿ ಮೊದಲು.

ಡ್ರೈವರ್‌ನಲ್ಲಿ ಒಂದು ಪ್ರಿಂಟ್ ಹಾಕಿ, ಬಂದ ಪ್ಯಾಕೆಟ್ಟಿನ ಉದ್ದ ನೋಡಿದೆ. 16384 ಅಂತ ತೋರಿಸಿತು. ಮಾಮೂಲಿ ಈಥರ್ನೆಟ್‌ನಲ್ಲಿ ಅಷ್ಟುದ್ದದ ಫ್ರೇಮ್ ಎಲ್ಲಿಂದ ಬರಬೇಕು? ಹೆಕ್ಸ್‌ನಲ್ಲಿ (16ರ ಮೂಲದ ಲೆಕ್ಕದಲ್ಲಿ) ಅದು 40 00. ಬೈಟ್ ಅದಲುಬದಲು ಮಾಡಿದರೆ 00 40, ಅಂದರೆ 64. ಈಥರ್ನೆಟ್ಟಿನ ಅತಿ ಚಿಕ್ಕ ಫ್ರೇಮ್ ಅಷ್ಟೇ ಅಲ್ವಾ! ಪಿಂಗ್‌ಗೆ ಮೊದಲು ಎದುರಿನ ಯಂತ್ರದ ಹಾರ್ಡ್‌ವೇರ್ ವಿಳಾಸ ಕೇಳುವ ಎಆರ್‌ಪಿಗೆ ಉತ್ತರ ಸರಿಯಾಗಿಯೇ ಬಂದಿತ್ತು. ತೀರಾ ದೊಡ್ಡದು ಅಂತ ಡ್ರೈವರೇ ಅದನ್ನು ಬಿಸಾಡುತ್ತಿತ್ತು.

ಜೊತೆಗಿದ್ದ ಮಂಡ್ಯದ ಹುಡುಗ, "ಅಣ್ಣ, ಅಲ್ಲೇ ಒಂದು ಸ್ವಾಪ್ ಹಾಕ್‌ಬಿಡೋಣ್ವಾ?" ಅಂದ. ಬೇಡ ಅಂದೆ. ಆ ಕೋಡಿನಲ್ಲಿ ಆಗಲೇ ಯಾರೋ ಸಿಕ್ಕಸಿಕ್ಕಲ್ಲಿ ಬೈಟ್ ತಿರುಗಿಸುವ ಸ್ವಾಪ್ ಹಾಕಿದ್ದರು. ಪಿಸಿಐ ರಿಜಿಸ್ಟರ್ (ಕಾರ್ಡಿನೊಳಗಿನ ನಿಯಂತ್ರಣದ ಜಾಗ) ಓದುವ ಲಿನಕ್ಸ್ ಕರ್ನಲ್‌ನ ಫಂಕ್ಷನ್ ರೀಡ್‌ಎಲ್ ತಾನೇ ಲಿಟಲ್ ಎಂಡಿಯನ್‌ನಿಂದ ಸಿಪಿಯು ಕ್ರಮಕ್ಕೆ ತಂದುಕೊಡುತ್ತದೆ. ಅದರ ಮೇಲೆ ಇನ್ನೊಂದು ಸಲ ತಿರುಗಿಸಿದರೆ ಮತ್ತೆ ಉಲ್ಟಾ. ಇಂಟೆಲ್ ಲಿಟಲ್ ಎಂಡಿಯನ್ ಆದ್ದರಿಂದ ಅಲ್ಲಿ ಇವೆರಡೂ ಏನೂ ಮಾಡಲ್ಲ, ತಪ್ಪು ಕಾಣೋದೇ ಇಲ್ಲ. ಆದರೆ ಮೆಮೊರಿಯಲ್ಲಿರುವ ಡಿಸ್ಕ್ರಿಪ್ಟರ್‌ಗಳ (ಪ್ಯಾಕೆಟ್ ಎಲ್ಲಿದೆ, ಎಷ್ಟು ಉದ್ದ ಅಂತ ಹೇಳುವ ದಾಖಲೆಗಳ) ಕಥೆ ಬೇರೆ. ಕಾರ್ಡು ಅವನ್ನು ಡಿಎಂಎ ಮೂಲಕ, ಸಿಪಿಯು ನಡುವೆ ಬರದೆ, ನೇರವಾಗಿ ಬರೆಯುತ್ತದೆ, ಅಲ್ಲಿ ನಾವೇ ತಿರುಗಿಸಬೇಕು. ಪ್ಯಾಕೆಟ್ಟಿನ ಒಳಗಿನ ಐಪಿ ವಿಳಾಸ, ಪೋರ್ಟ್ ನಂಬರ್ ಎಲ್ಲ ಬಿಗ್ ಎಂಡಿಯನ್. ಒಂದೇ ಫೈಲಿನಲ್ಲಿ ಮೂರು ಥರ!

ಹಾಗಾಗಿ ಲಾಜಿಕ್ ಮುಟ್ಟದೆ ಮೊದಲು ಟೈಪ್‌ಗಳನ್ನು ಬದಲಿಸಿದೆ. ಕಾರ್ಡಿನ ಡೇಟಾಶೀಟ್ ಪಕ್ಕದಲ್ಲಿಟ್ಟುಕೊಂಡು, ಡಿಸ್ಕ್ರಿಪ್ಟರ್‌ನಲ್ಲಿ ಬೈಟ್ ಕ್ರಮ ಹೇಳದ ಯು32 ಅಂತ ಇದ್ದ ಕಡೆ ಎಲ್‌ಇ32 (ಲಿಟಲ್ ಎಂಡಿಯನ್, 32 ಬಿಟ್), ಪ್ಯಾಕೆಟ್ ಹೆಡರ್‌ನಲ್ಲಿ ಬಿಇ16, ಬಿಇ32 (ಬಿಗ್ ಎಂಡಿಯನ್). ಆಮೇಲೆ ಬಿಲ್ಡ್ ಮಾಡುವ ಮೇಕ್ ಕಮಾಂಡಿಗೆ ಸಿ=2 ಕೊಟ್ಟು, ಕೋಡಿನಲ್ಲಿ ಟೈಪ್ ತಪ್ಪು ಹುಡುಕುವ ಸ್ಪಾರ್ಸ್ ಓಡಿಸಿದೆ. ಕರ್ನಲ್‌ಗಾಗಿ ಲಿನಸ್ ಟೋರ್ವಾಲ್ಡ್ಸ್ ಅವರೇ ಶುರು ಮಾಡಿದ ಟೂಲ್ ಇದು. ಕಂಪೈಲರ್ ಸುಮ್ನೆ ಬಿಟ್ಟಿದ್ದನ್ನೆಲ್ಲ ಇದು ಸಾಲು ನಂಬರ್ ಸಮೇತ ಹಿಡಿದುಕೊಟ್ಟಿತು. ನನಗಂತೂ ಇದಿಲ್ಲದೆ ಈ ಕೆಲಸಕ್ಕೆ ಕೈಹಾಕಲು ಮನಸ್ಸೇ ಬರಲ್ಲ. ಸ್ಪಾರ್ಸ್ ಕೊಡುವ ಎಚ್ಚರಿಕೆಯ ಬಾಯಿ ಮುಚ್ಚಿಸೋಕೆ ಫೋರ್ಸ್ ಅಂತ ಕಾಸ್ಟ್ (ಬಲವಂತದ ಟೈಪ್ ಬದಲಾವಣೆ) ಹಾಕುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ, ಬಗ್ ಅಲ್ಲೇ ಅಡಗಿರುತ್ತದೆ.

ಕೊನೆಗೆ ಸಿಕ್ಕಿದ್ದು ಓನರ್ ಬಿಟ್. ಡಿಸ್ಕ್ರಿಪ್ಟರ್ ಈಗ ಕಾರ್ಡಿನ ಕೈಯಲ್ಲಿದೆಯೋ ಡ್ರೈವರ್ ಕೈಯಲ್ಲಿದೆಯೋ ಅಂತ ಹೇಳುವ 31ನೇ ಬಿಟ್ ಅದು. ತಿರುಗಿಸದೆ ಓದಿದರೆ ಮಿಪ್ಸ್‌ನಲ್ಲಿ ಅದು 7ನೇ ಬಿಟ್ ಜಾಗದಲ್ಲಿ ಕೂರುತ್ತದೆ. ಉದ್ದ ಓದುವ ಸಾಲೊಂದನ್ನೇ ಸರಿಮಾಡಿ ಬಿಟ್ಟಿದ್ದರೆ ಪಿಂಗ್ ಆಗಾಗ ಹೋಗಿ, ಆಗಾಗ ನಿಂತು ಇನ್ನೂ ಜಾಸ್ತಿ ಕಾಡುತ್ತಿತ್ತು.

ಪ್ಯಾಚ್‌ಗಳನ್ನು ಬೇರೆಬೇರೆ ಮಾಡಿದೆವು. ಮೊದಲನೆಯದರಲ್ಲಿ ಬರೀ ಟೈಪ್ ಬದಲಾವಣೆ. ಅದನ್ನು ಹಾಕುವ ಮೊದಲಿನ ಮತ್ತು ಆಮೇಲಿನ ಆಬ್ಜೆಕ್ಟ್ ಫೈಲನ್ನು (ಕಂಪೈಲ್ ಆದ ಕೋಡನ್ನು) ಆಬ್ಜ್‌ಡಂಪ್‌ನಿಂದ ಇನ್‌ಸ್ಟ್ರಕ್ಷನ್‌ಗಳಾಗಿ ಬಿಡಿಸಿ ಹೋಲಿಸು ಅಂತ ಹುಡುಗನಿಗೆ ಹೇಳಿದೆ. ಒಂದು ಇನ್‌ಸ್ಟ್ರಕ್ಷನ್ ಕೂಡ ಬದಲಾಗಿರಲಿಲ್ಲ. ಆಮೇಲೇ ಲಾಜಿಕ್ ಸರಿಮಾಡುವ ಎರಡನೇ ಪ್ಯಾಚ್‌ಗೆ ಕೂತೆವು.