ಇಬ್ಬರ ಸಂಸಾರ, ಬಿಗಿ ಬಜೆಟ್: ತಿಂಗಳು ದೂಡುವ ಲೆಕ್ಕ

ಸಂಬಳ ಬಂದ ದಿನವೇ ಇಬ್ಬರೂ ಕೂತು ಬಾಡಿಗೆ, ಚೀಟಿ, ಸಾಲದ ಕಂತು ತೆಗೆದಿಡಿ. ಉಳಿದದ್ದನ್ನು ನಾಲ್ಕಲ್ಲ, ಐದು ಪಾಲು ಮಾಡಿ. ನಾಲ್ಕು ಪಾಲು ವಾರಗಳಿಗೆ. ಐದನೆಯದು ಗ್ಯಾಸ್, ಔಷಧಿ, ಮದುವೆ ಮುಯ್ಯಿ ಮತ್ತು ತಿಂಗಳ ಕೊನೆಯ ಎರಡು-ಮೂರು ದಿನಕ್ಕೆ. ಲೆಕ್ಕ ತಪ್ಪುವುದು ಹೆಚ್ಚಾಗಿ ಈ ಮುಯ್ಯಿಯಿಂದಲೇ, ಅಕ್ಕಿಬೇಳೆಯಿಂದಲ್ಲ.

ದಿನಸಿ ತಿಂಗಳಿಗೊಮ್ಮೆ ಮೈಸೂರಿನ ಸಂತೆಪೇಟೆಯಲ್ಲಿ ತನ್ನಿ. ಇಬ್ಬರಿಗೆ ಅಕ್ಕಿ 10 ಕೆಜಿ, ರಾಗಿ 4, ತೊಗರಿಬೇಳೆ 2, ಎಣ್ಣೆ 2 ಲೀಟರ್ ಸಾಕು. ರಾಗಿಯನ್ನು ಚೆನ್ನಾಗಿ ಒಣಗಿಸಿಯೇ ಮಿಲ್ಲಿಗೆ ಕೊಡಿ. ತೇವವಿದ್ದರೆ ಹಿಟ್ಟು ಗಂಟುಕಟ್ಟಿ ಹುಳ ಬೀಳುತ್ತದೆ. ಬೀಸಿಸಿದ ಬಿಸಿ ಹಿಟ್ಟನ್ನು ಆರಿಸದೆ ಡಬ್ಬಿಗೆ ತುಂಬಿದರೂ ಅದೇ ಕಥೆ. ತರಕಾರಿಗೆ ಸಂಜೆ ಹೊತ್ತು ಹೋದರೆ ಚೌಕಾಸಿಗೆ ಜಾಗವಿರುತ್ತದೆ, ಸೊಪ್ಪು ಮಾತ್ರ ಬಾಡಿರುತ್ತದೆ.

ಗೃಹಜ್ಯೋತಿ ಇದೆಯೆಂದು ಗೀಸರ್ ಹಾಕಿ ಮರೆಯಬೇಡಿ. 2 ಕಿಲೋವ್ಯಾಟ್ ಗೀಸರ್ ಅರ್ಧ ಗಂಟೆ ಕಾದರೆ ಒಂದು ಯೂನಿಟ್. ಬಳಕೆ 200 ಯೂನಿಟ್ ದಾಟಿತೋ, ಆ ತಿಂಗಳ ಬಿಲ್ ಪೂರ್ತಿ ನಿಮ್ಮದೇ. ಭಾನುವಾರಕ್ಕೊಮ್ಮೆ ಮೀಟರ್ ನೋಡಿ, ವಾರಕ್ಕೆ 45ರೊಳಗಿರಲಿ.

ಫೋನ್‌ಪೇಯಲ್ಲಿ ಹೋದ ಹತ್ತು-ಇಪ್ಪತ್ತನ್ನು ಅಂದೇ ರಾತ್ರಿ ಬರೆಯಿರಿ. ಟೀ, ಬೋಂಡಾ ಸೇರಿಸಿ. ಇಬ್ಬರಿಗೂ ಲೆಕ್ಕ ಕೇಳದ ಕೈಖರ್ಚು ₹300 ಇರಲಿ, ಇಲ್ಲದಿದ್ದರೆ ಒಬ್ಬರು ಮುಚ್ಚಿಡಲು ಶುರುಮಾಡುತ್ತಾರೆ.