ಸಬ್ಸಿಡಿ ಮತ್ತು ಸುಂಕದ ಘೋಷಣೆಗಳನ್ನು ಓದುವ ಬಗೆ: ಕೊಡಗಿನ ಬೆಳೆಗಾರರಿಗೆ

ಸಹಾಯಧನದ ಅಥವಾ ಆಮದು ಸುಂಕದ ಸುದ್ದಿ ಬಂದಾಗ ನಮ್ಮಲ್ಲಿ ಮೊದಲು ಏಳುವ ಪ್ರಶ್ನೆ ‘ಎಷ್ಟು ಬರುತ್ತದೆ’ ಎಂಬುದು. ಅದಕ್ಕೂ ಮೊದಲು, ಆ ಬೆಳೆ ದೇಶದಿಂದ ಹೊರಗೆ ಹೋಗುವಂಥದ್ದೋ, ಹೊರಗಿನಿಂದ ಒಳಗೆ ಬರುವಂಥದ್ದೋ ಎಂದು ಕೇಳಿಕೊಳ್ಳಬೇಕು. ಕಾಫಿ ಗಿಡವೂ, ನೆರಳಿನ ಮರಕ್ಕೆ ಹಬ್ಬಿದ ಕರಿಮೆಣಸಿನ ಬಳ್ಳಿಯೂ ಒಂದೇ ತೋಟದಲ್ಲಿರುವ ಕೊಡಗಿನಲ್ಲಿ ಈ ವ್ಯತ್ಯಾಸವನ್ನು ಕಣದಲ್ಲಿಯೇ ನಿಂತು ಅರಿಯಬಹುದು. ಕಾಫಿ ಬೀಜದ ಮೇಲೆ ಶೇ 100ರಷ್ಟು ಆಮದು ಸುಂಕವಿದೆ. ಆದರೆ ದೇಶದ ಕಾಫಿಯ ಬಹುಪಾಲು ರಫ್ತಾಗುವುದರಿಂದ ಹಣ್ಣನ್ನು ಹಾಗೆಯೇ ಒಣಗಿಸಿದ ರೊಬಸ್ಟಾ ಚೆರಿಯ ದರ ಲಂಡನ್ ಮಾರುಕಟ್ಟೆಯನ್ನೂ, ತಿರುಳು ತೆಗೆದು ಒಣಗಿಸಿದ ಅರೇಬಿಕಾ ಪಾರ್ಚ್‌ಮೆಂಟಿನ ದರ ನ್ಯೂಯಾರ್ಕ್ ಮಾರುಕಟ್ಟೆಯನ್ನೂ ಅನುಸರಿಸುತ್ತದೆ. ಅಲ್ಲಿ ದರ ಕುಸಿದರೆ ಕೊಡಗಿನ ಸಿದ್ದಾಪುರದಲ್ಲಿಯೂ ಕುಸಿಯುತ್ತದೆ, ಸುಂಕ ಅದನ್ನು ತಡೆಯಲಾರದು. ಆದ್ದರಿಂದ ಕಾಫಿಯ ಸುಂಕ ಏರಿಸಿರೆಂಬ ಮನವಿಗೆ ಸಹಿ ಹಾಕುವುದು ವ್ಯರ್ಥವೆಂದೇ ನನ್ನ ಅಭಿಪ್ರಾಯ. ಕರಿಮೆಣಸನ್ನು ಹೆಚ್ಚಾಗಿ ನಾವೇ ಬಳಸುತ್ತೇವೆ. ಅದಕ್ಕೆ ಮಾತ್ರ ಸುಂಕವೆಂಬ ಬೇಲಿ ನಿಜವಾದ ಬೇಲಿ.

ಬೇಲಿ ಇದೆಯೆಂದು ತಿಳಿದ ಮೇಲೆ ಕಂಡಿ ಎಲ್ಲಿದೆಯೆಂದು ಹುಡುಕಬೇಕು. ಕರಿಮೆಣಸಿನ ಸಾಮಾನ್ಯ ಆಮದು ಸುಂಕ ಶೇ 70. ಆಗ್ನೇಯ ಏಷ್ಯಾದ ದೇಶಗಳ ಕೂಟವಾದ ಆಸಿಯಾನ್ ಜೊತೆಗಿನ ಒಪ್ಪಂದದ ಮೂಲಕ ವಿಯೆಟ್ನಾಂ ಮೆಣಸಿಗೆ ಅದು ಹಂತಹಂತವಾಗಿ ಶೇ 50ಕ್ಕೆ ಇಳಿದಿದೆ. 2000ದಲ್ಲಿ ಜಾರಿಗೆ ಬಂದ ಶ್ರೀಲಂಕಾ ಒಪ್ಪಂದದಲ್ಲಿ ವರ್ಷಕ್ಕೆ 2,500 ಟನ್‌ವರೆಗೆ ಸುಂಕವೇ ಇಲ್ಲ. ಈಗ ಕಾಗದದ ಮೇಲೆ ಲೆಕ್ಕ ಹಾಕಿ: ಬಂದರಿಗೆ ಕೆ.ಜಿ.ಗೆ 300 ರೂಪಾಯಿಯಂತೆ ಬಂದಿಳಿದ ಮೆಣಸು ಮೊದಲನೆಯ ದಾರಿಯಲ್ಲಿ 510, ಎರಡನೆಯದರಲ್ಲಿ 450, ಮೂರನೆಯದರಲ್ಲಿ ಅದೇ 300 ರೂಪಾಯಿಗೆ ಬೀಳುತ್ತದೆ. ಬೇರೆ ದೇಶದ ಮೆಣಸು ಶ್ರೀಲಂಕಾದಲ್ಲಿಯೇ ಬೆಳೆದದ್ದು ಎಂದು ಹೇಳುವ ಮೂಲ ಪ್ರಮಾಣಪತ್ರ ಹೊತ್ತು ಬರುತ್ತದೆ ಎಂಬ ದೂರು ಹುಟ್ಟಿದ್ದು ಈ ಅಂತರದಿಂದಲೇ.

2017ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಮೆಣಸಿಗೆ ಕೆ.ಜಿ.ಗೆ 500 ರೂಪಾಯಿಯ ಕನಿಷ್ಠ ಆಮದು ಬೆಲೆಯನ್ನು, ಅಂದರೆ ಅದಕ್ಕಿಂತ ಅಗ್ಗದ ಸರಕು ಒಳಬರಬಾರದೆಂಬ ಮಿತಿಯನ್ನು, ನಿಗದಿಪಡಿಸಿದಾಗ ನಾವೆಲ್ಲ ಸಂತೋಷಪಟ್ಟೆವು. ಆದರೆ ಅಧಿಸೂಚನೆ ನೋಡುವುದು ಬಿಲ್ಲಿನಲ್ಲಿ ಬರೆದ ಬೆಲೆಯನ್ನು. 300ರ ಸರಕಿಗೆ 500ರ ಬಿಲ್ಲು ಬರೆಸಿದರೆ, ಶೇ 70ರ ದಾರಿಯಲ್ಲಿ ಬರುವವನು ಏರಿಸಿದ ಬೆಲೆಯ ಮೇಲೂ ಸುಂಕ ಕಟ್ಟಬೇಕಾಗುತ್ತದೆ. ಸುಂಕವಿಲ್ಲದ ದಾರಿಯಲ್ಲಿ ಬರುವವನಿಗೆ ಆ ಏರಿಕೆಯಿಂದ ಸುಂಕದ ಹೊರೆ ಒಂದು ಪೈಸೆಯೂ ಹೆಚ್ಚುವುದಿಲ್ಲ. ರಫ್ತಿಗೆಂದೇ ಸಂಸ್ಕರಿಸುವ ಘಟಕಗಳಿಗೆ 2018ರಲ್ಲಿ ವಿನಾಯಿತಿಯೂ ದೊರೆಯಿತು. ಆಮದಿಗೆ ಬೆಲೆಯ ಬೇಲಿ ಹಾಕಿದ ಮೇಲೂ ಒಳಗಿನ ಮಾರುಕಟ್ಟೆಯ ದರ 500ಕ್ಕಿಂತ ಬಹಳ ಕೆಳಗೆ ಇಳಿದದ್ದು ನೆನಪಿರಬಹುದು. ಈಚಿನ ವರ್ಷಗಳಲ್ಲಿ ದರ 600 ದಾಟಿದೆ. ರೂಪಾಯಿಯಲ್ಲಿ ಬರೆದ ಮಿತಿ ಕಾಲ ಕಳೆದಂತೆ ತಾನೇ ಸವೆಯುತ್ತದೆ. ಹೀಗಾಗಿ ಯಾವುದೇ ರಕ್ಷಣೆಯ ಆದೇಶವನ್ನು ಓದುವಾಗ ವಿನಾಯಿತಿಯ ಸಾಲುಗಳನ್ನು ಮೊದಲು ಓದಿ, ತಲೆಬರಹವನ್ನು ಕೊನೆಗೆ ಓದಿ.

ಹಣ ಯಾರ ಜೇಬಿನಿಂದ ಬರುತ್ತದೆ ಎಂಬುದು ಮುಂದಿನ ಪ್ರಶ್ನೆ. ಸಬ್ಸಿಡಿ ಬೊಕ್ಕಸದಿಂದ ಬರುವುದರಿಂದ ಆಯವ್ಯಯದಲ್ಲಿ ಕಾಣುತ್ತದೆ. ಸುಂಕದಿಂದ ಏರಿದ ಬೆಲೆಯನ್ನು ಕೊಳ್ಳುವವರು ತೆರುತ್ತಾರೆ, ಅದು ಯಾವ ಲೆಕ್ಕದಲ್ಲಿಯೂ ಕಾಣುವುದಿಲ್ಲ. ಇದಕ್ಕೆ ತಿರುವುಮುರುವಾದದ್ದೂ ಉಂಟು. ಬಾಸ್ಮತಿಯಲ್ಲದ ಬೆಳ್ತಿಗೆ ಅಕ್ಕಿಯ ರಫ್ತನ್ನು 2023ರ ಜುಲೈನಲ್ಲಿ ನಿಷೇಧಿಸಿದಾಗ ಪೇಟೆಯ ಗ್ರಾಹಕರಿಗೆ ಸಿಕ್ಕ ರಿಯಾಯಿತಿಯ ಒಂದು ಪಾಲನ್ನು ಭತ್ತ ಬೆಳೆದವರು ಕೊಟ್ಟರು. ಭತ್ತಕ್ಕೆ ಬೆಂಬಲ ಬೆಲೆಯಿದೆ, ಕಾಫಿಗೂ ಮೆಣಸಿಗೂ ಇಲ್ಲ. ಆದರೂ ನಮ್ಮಲ್ಲಿ ಪಾಳು ಬೀಳುತ್ತಿರುವುದು ಗದ್ದೆಯೇ. ಖರೀದಿ ಕೇಂದ್ರ ಸಮಯಕ್ಕೆ ತೆರೆಯದಿದ್ದರೆ ಘೋಷಿತ ಬೆಲೆ ನಾಟಿಯ ಆಳುಕೂಲಿಯನ್ನು ಭರಿಸದು.

ಗೊಬ್ಬರದ ವಿಷಯದಲ್ಲಿ ಎಕರೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 45 ಕೆ.ಜಿ. ಯೂರಿಯಾ ಚೀಲದ ಬೆಲೆಯನ್ನು, ತೆರಿಗೆ ಮತ್ತು ಬೇವಿನ ಲೇಪನದ ವೆಚ್ಚ ಬಿಟ್ಟು, 242 ರೂಪಾಯಿಗೆ ಕಟ್ಟಿಹಾಕಲಾಗಿದೆ. ರಂಜಕ, ಪೊಟ್ಯಾಷ್ ಗೊಬ್ಬರಗಳಿಗೆ 2010ರಿಂದ ಪೋಷಕಾಂಶ ಆಧಾರಿತ ಸಬ್ಸಿಡಿ ನಡೆದುಬಂದಿದೆ. ಚೀಲ ಹೆಚ್ಚು ಕೊಂಡವರಿಗೆ ಸಬ್ಸಿಡಿ ಹೆಚ್ಚು. ಪಿಎಂ ಕಿಸಾನ್‌ನ ವರ್ಷದ 6,000 ರೂಪಾಯಿ ಎಕರೆಯನ್ನು ನೋಡುವುದಿಲ್ಲ, ಆದರೆ ಭೂಮಿಯ ದಾಖಲೆಯನ್ನು ನೋಡುತ್ತದೆ. ತೋಟದ ಲೈನ್ ಮನೆಯಲ್ಲಿರುವ ಭೂಮಿಯಿಲ್ಲದ ಕಾರ್ಮಿಕರಿಗೆ ಅದರಲ್ಲಿ ಪಾಲಿಲ್ಲ.

ದಾಖಲೆಯ ತೊಡಕು ಕೊಡಗಿನಲ್ಲಿ ಇನ್ನೂ ಆಳವಾದದ್ದು. ವಂಶಪಾರಂಪರ್ಯವಾಗಿ ಬಂದ ಜಮ್ಮ ಬಾಣೆ ಜಮೀನಿನ ಪಹಣಿಯಲ್ಲಿ ತೀರಿಹೋದ ಪಟ್ಟೇದಾರರ (ಮನೆತನದ ಹಿರಿಯರ) ಹೆಸರೋ ಒಕ್ಕದ (ಮನೆತನದ) ಹಲವರ ಜಂಟಿ ಹೆಸರೋ ಇದ್ದರೆ, ದುಡಿಯುವವರು ಒಬ್ಬರೇ ಆದರೂ ಅರ್ಜಿ ಮುಂದೆ ಸಾಗುವುದಿಲ್ಲ. ನಮ್ಮ ಮನೆಯ ಸ್ಪ್ರಿಂಕ್ಲರ್ ಅರ್ಜಿ ಇದೇ ಕಾರಣಕ್ಕೆ ಎರಡು ಬಾರಿ ಮರಳಿ ಬಂದಿತ್ತು. ಯೋಜನೆ ಪ್ರಕಟವಾದ ಮೇಲೆ ಓಡಾಡುವುದಕ್ಕಿಂತ ಬೇಸಿಗೆಯಲ್ಲಿಯೇ ಒಕ್ಕದವರ ಒಪ್ಪಿಗೆ ಪಡೆದು, ವಂಶವೃಕ್ಷ ಮಾಡಿಸಿ, ಪಹಣಿ ಸರಿಪಡಿಸಿ, ರಾಜ್ಯದ ರೈತ ನೋಂದಣಿ ವ್ಯವಸ್ಥೆಯಾದ ಫ್ರೂಟ್ಸ್ ಗುರುತಿನ ಸಂಖ್ಯೆಗೆ ಅದನ್ನು ಜೋಡಿಸಿಕೊಳ್ಳಿ.

ಇನ್ನು ಮನವಿ ಬರೆಯುವ ವಿಚಾರ. ಆಮದುದಾರರೂ ಮೆಣಸಿನ ಸತ್ವ ತೆಗೆಯುವ ಘಟಕಗಳೂ ಸಂಖ್ಯೆಯಲ್ಲಿ ಕಡಿಮೆ, ಪ್ರತಿಯೊಬ್ಬರ ಲಾಭನಷ್ಟ ದೊಡ್ಡದು. ಹಾಗಾಗಿ ಅವರು ದೆಹಲಿಗೆ ನಿರ್ದಿಷ್ಟ ಕೋರಿಕೆಯೊಡನೆ ಹೋಗುತ್ತಾರೆ. ನಾವು ‘ಬೆಳೆಗಾರರನ್ನು ಉಳಿಸಿ’ ಎಂದು ಬರೆದು ಕಳುಹಿಸುತ್ತೇವೆ. ಅದರ ಬದಲು ಒಪ್ಪಂದದ ಹೆಸರು, ಸುಂಕದ ದರ, ಕೋಟಾದ ಪ್ರಮಾಣ, ಬದಲಿಸಬೇಕಾದ ಅಧಿಸೂಚನೆಯ ಸಂಖ್ಯೆ, ಮೂಲ ಪ್ರಮಾಣಪತ್ರವನ್ನು ಪರಿಶೀಲಿಸಬೇಕಾದ ಕ್ರಮ, ಇಷ್ಟನ್ನು ಒಂದೇ ಪುಟದಲ್ಲಿ ಬರೆಯಿರಿ. ಕಾಫಿ ಮಂಡಳಿಗೆ ಮೆಣಸಿನ ಮನವಿ ಕೊಡಬೇಡಿ; ಮೆಣಸು ಸಂಬಾರ ಮಂಡಳಿಯ ವ್ಯಾಪ್ತಿಯದು, ಆಮದಿನ ಷರತ್ತು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಕೈಯಲ್ಲಿರುವಂಥದ್ದು, ಸುಂಕದ ದರ ಹಣಕಾಸು ಸಚಿವಾಲಯದ್ದು.