ಬ್ರೇಕ್ ಡಿಸ್ಕ್, ಪ್ಯಾಡ್ ಮನೆಯಲ್ಲೇ ಬದಲಿಸುವವರಿಗೆ

ಎಡ, ಬಲ ಎರಡೂ ಕಡೆ ಒಟ್ಟಿಗೇ ಬದಲಿಸಿ. ಬರೀ ಜಾಕ್ ನಂಬಿ ಕೂರಬೇಡಿ, ಸ್ಟ್ಯಾಂಡ್ ಇಡಲೇಬೇಕು. ಬಿಚ್ಚಿದ ಕ್ಯಾಲಿಪರ್ (ಪ್ಯಾಡ್‌ಗಳನ್ನು ಡಿಸ್ಕ್‌ಗೆ ಒತ್ತುವ ಭಾಗ) ಹೋಸ್‌ನಲ್ಲಿ ಜೋತಾಡದಂತೆ ತಂತಿಯಿಂದ ಮೇಲೆ ಕಟ್ಟಿ.

ಹೆಚ್ಚಿನವರು ಅವಸರ ಮಾಡುವುದು ಹಬ್ ಹತ್ತಿರ, ಅಂದರೆ ಡಿಸ್ಕ್ ಕೂರುವ ಜಾಗದಲ್ಲಿ. ಹಳೆ ಡಿಸ್ಕ್ ತೆಗೆದಾಗ ಅಲ್ಲಿ ತುಕ್ಕು ಕೂತಿರುತ್ತದೆ. ವೈರ್ ಬ್ರಷ್‌ನಿಂದ ಲೋಹ ಕಾಣುವವರೆಗೂ ಉಜ್ಜಿ. ಚೂರು ತುಕ್ಕು ಉಳಿದರೂ ಹೊಸ ಡಿಸ್ಕ್ ಓರೆಯಾಗಿ ಕೂತು, ಬರಬರುತ್ತಾ ಬ್ರೇಕ್ ಒತ್ತಿದಾಗ ಪೆಡಲ್ ಅದುರತೊಡಗುತ್ತದೆ. ಹೊಸ ಡಿಸ್ಕ್ ಮೇಲಿನ ಎಣ್ಣೆಯನ್ನು ಬ್ರೇಕ್ ಕ್ಲೀನರ್ ಹಾಕಿ ಒರೆಸಿ.

ಹೊಸ ಪ್ಯಾಡ್‌ಗೆ ಜಾಗ ಮಾಡಲು ಕ್ಯಾಲಿಪರ್‌ನ ಪಿಸ್ಟನ್ ಒಳಕ್ಕೆ ಒತ್ತುವಾಗ ಬ್ರೇಕ್ ಆಯಿಲ್ ಡಬ್ಬಿ ಮೇಲೆ ಕಣ್ಣಿಡಿ. ಉಕ್ಕಿ ಚೆಲ್ಲಿದರೆ ಪೇಂಟ್ ಹಾಳು.

ಗಾಡಿ ಹೊರಡಿಸುವ ಮುಂಚೆ ಪೆಡಲ್ ಗಟ್ಟಿಯಾಗುವವರೆಗೆ ಒತ್ತುತ್ತಿರಿ. ದಯವಿಟ್ಟು ಇದನ್ನು ಮರೆಯಬೇಡಿ, ಪಿಸ್ಟನ್ ಹಿಂದೆ ಸರಿದಿರುವುದರಿಂದ ಮೊದಲ ಒತ್ತಿಗೆ ಬ್ರೇಕ್ ಹಿಡಿಯುವುದೇ ಇಲ್ಲ.